ಕುಣಿದಾಡೋ: ಟೆಕ್ಸಸ್ ಟೂ-ಸ್ಟೆಪ್‌ನ ಮೊದಲ ಪಾಠ

ಮೊದಲೇ ಹೇಳಿಬಿಡ್ತೀವಿ, ನಮಗೆ ಡ್ಯಾನ್ಸ್ ಬರಲ್ಲ. ಕಾಲೇಜ್ ಫೆಸ್ಟ್‌ನಲ್ಲಿ ಸ್ಟೇಜ್ ಹತ್ತೋ ಗುಂಪು ಬೇರೆ, ಕೆಳಗೆ ನಿಂತು ಶಿಳ್ಳೆ ಹೊಡೆಯೋ ಗುಂಪು ಬೇರೆ. ನಾವು ಎರಡನೆಯದು. ಹಾಗಿದ್ದೂ ಈ ಸೆಮಿಸ್ಟರ್‌ನಲ್ಲಿ ನಾವು ಆರು ಜನ, ಮೂವರು ಹುಡುಗಿಯರು ಮೂವರು ಹುಡುಗರು, ಅಮೆರಿಕದ ಕಂಟ್ರಿ ಹಾಡುಗಳಿಗೆ ಕುಣಿಯೋ ಟೂ-ಸ್ಟೆಪ್ ಕಲಿತೆವು. ಪೂರ್ತಿ ಅಲ್ಲ, ಬಿದ್ದು ಹೋಗದೆ ಒಂದು ಹಾಡು ಮುಗಿಸೋ ಅಷ್ಟು. ಅಷ್ಟನ್ನು ನಿಮಗೂ ಕಲಿಸೋಣ ಅಂತ ಈ ಲೇಖನ. ನಾವೆಲ್ಲ ಇಂಗ್ಲಿಷ್ ಮೀಡಿಯಂನವರು, ಬರವಣಿಗೆಯಲ್ಲಿ ಒತ್ತಕ್ಷರ ತಪ್ಪಿದ್ದರೆ ಕ್ಷಮಿಸಿ. ಕಾಲು ತಪ್ಪದ ಹಾಗೆ ಮಾತ್ರ ನೋಡಿಕೊಂಡಿದ್ದೇವೆ.

ಇದು ಶುರುವಾಗಿದ್ದು ನಮ್ಮಲ್ಲೊಬ್ಬಳ ಅಕ್ಕನಿಂದ. ಅಕ್ಕ ಎಂಎಸ್ ಮಾಡೋಕೆ ಅಂತ ಟೆಕ್ಸಸ್‌ನ ಆಸ್ಟಿನ್‌ಗೆ ಹೋಗಿದ್ದಾರೆ. ಮನೆಗೆ ಫೋನ್ ಮಾಡಿದಾಗಲೆಲ್ಲ "ಚೆನ್ನಾಗಿದೀನಿ, ಊಟ ಆಯ್ತು" ಅಂತ ಹೇಳ್ತಿದ್ದರಂತೆ. ಒಂದು ರಾತ್ರಿ ತಂಗಿಯ ಹತ್ತಿರ ಮಾತ್ರ ನಿಜ ಹೇಳಿದರು. "ಇಲ್ಲಿಗೆ ಬಂದು ಆರು ತಿಂಗಳಾಯ್ತು ಕಣೇ. ಈ ಆರು ತಿಂಗಳಲ್ಲಿ ಒಬ್ಬರ ಕೈನೂ ನಾನು ಮುಟ್ಟಿಲ್ಲ. ಕ್ಲಾಸು, ಲ್ಯಾಬು, ರೂಮು. ಅಂಗಡಿಯಲ್ಲಿ ಚಿಲ್ಲರೆ ತಗೊಳ್ಳೋವಾಗ ಬೆರಳು ತಗುಲಿದ್ರೆ ಅದೇ ಲೆಕ್ಕ." ಆಮೇಲೆ ಅವರ ಲ್ಯಾಬಿನ ಹುಡುಗಿಯೊಬ್ಬಳು ಎಳೆದುಕೊಂಡು ಹೋಗಿ ಒಂದು ಡ್ಯಾನ್ಸ್ ಹಾಲ್‌ಗೆ ಸೇರಿಸಿದಳಂತೆ. ಅಲ್ಲಿನ ಹಲವು ಹಾಲ್‌ಗಳಲ್ಲಿ ರಾತ್ರಿ ಬ್ಯಾಂಡ್ ಶುರುವಾಗೋಕೆ ಮುಂಚೆ ಹೊಸಬರಿಗೆ ಒಂದು ಪಾಠ ಇರುತ್ತೆ. ಪಾರ್ಟ್ನರ್ ಕರ್ಕೊಂಡು ಹೋಗಬೇಕಿಲ್ಲ, ಒಬ್ಬರೇ ಹೋದರೂ ಸರಿ. ಪಾಠದ ನಡುವೆ ಪಾರ್ಟ್ನರ್ ಬದಲಾಯಿಸ್ತಾ ಇರ್ತಾರೆ. ಆವತ್ತು ಎಪ್ಪತ್ತು ವರ್ಷ ಆಗಿರಬಹುದಾದ, ಟೋಪಿ ಹಾಕಿಕೊಂಡ ಒಬ್ಬ ಅಜ್ಜ ಅಕ್ಕನ ಜೊತೆ ಇಡೀ ಒಂದು ಹಾಡು ಕುಣಿದರಂತೆ. ಅಕ್ಕ ಜೋರಾಗಿ ಎಣಿಸ್ತಾ ಇದ್ದರೂ ಅಜ್ಜ ನಗಲಿಲ್ಲ. ಹಾಡು ಮುಗಿದ ಮೇಲೆ ಅವರನ್ನು ಮೊದಲು ನಿಂತಿದ್ದ ಜಾಗಕ್ಕೇ ವಾಪಸ್ ಬಿಟ್ಟು, ಟೋಪಿಯ ಅಂಚು ಮುಟ್ಟಿ, ಥ್ಯಾಂಕ್ಸ್ ಹೇಳಿ ಹೋದರು. ಅಷ್ಟೇ. ಅಕ್ಕ ಬಾತ್‌ರೂಮಿಗೆ ಹೋಗಿ ಅತ್ತರಂತೆ. ಯಾಕೆ ಅಂತ ತಂಗಿ ಕೇಳಿದ್ದಕ್ಕೆ "ಗೊತ್ತಿಲ್ಲ, ಚೆನ್ನಾಗಿತ್ತು" ಅಂದರಂತೆ.

ನಮಗೆ ಆ ಕಥೆ ಕೇಳಿದ ಮೇಲೆ ಸುಮ್ಮನಿರೋಕಾಗಲಿಲ್ಲ. ಭಾನುವಾರದ ವಿಡಿಯೋ ಕಾಲ್‌ನಲ್ಲಿ ಅಕ್ಕ ಪಾಠ ಮಾಡಿದರು, ನಾವು ಹಾಸ್ಟೆಲ್ ಮೆಸ್‌ನಲ್ಲಿ ಟೇಬಲ್ ಪಕ್ಕಕ್ಕೆ ಸರಿಸಿ ಕಲಿತೆವು.

ಇದು ಯಾವ ತರಹದ ಡ್ಯಾನ್ಸ್ ಅಂತ ಮೊದಲು ಅರ್ಥ ಆಗಬೇಕು. ಇದು ನೋಡೋರಿಗಾಗಿ ಮಾಡೋದಲ್ಲ. ಸ್ಟೇಜ್ ಇಲ್ಲ, ಕೊರಿಯೋಗ್ರಫಿ ಇಲ್ಲ, ಯೂನಿಫಾರ್ಮ್ ಇಲ್ಲ. ನಮ್ಮ ಗುಂಪಿನಲ್ಲಿ ಕೊಡಗಿನವಳೊಬ್ಬಳಿದ್ದಾಳೆ, ಅವಳಿಗೆ ಇದನ್ನು ವಿವರಿಸಬೇಕಾಗಲೇ ಇಲ್ಲ. "ನಮ್ಮ ಮದುವೆಗಳಲ್ಲಿ ವಾಲಗ ಶುರುವಾದ್ರೆ ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಎಲ್ಲರೂ ಕುಣೀತಾರೆ, ಯಾರು ಯಾರನ್ನ ನೋಡ್ತಾರೆ?" ಅಂದಳು. ಟೆಕ್ಸಸ್ ಹಾಲ್‌ಗಳೂ ಹಾಗೇ. 19ನೇ ಶತಮಾನದಲ್ಲಿ ಅಲ್ಲಿಗೆ ವಲಸೆ ಬಂದ ಜರ್ಮನ್ ಮತ್ತು ಚೆಕ್ ಜನ ತಮ್ಮ ಊರುಗಳಲ್ಲಿ ಇಂಥ ಹಾಲ್‌ಗಳನ್ನು ಕಟ್ಟಿದರು, ವಾಲ್ಟ್ಜ್ ಮತ್ತು ಪೋಲ್ಕಾ ತಂದರು. 1878ರಲ್ಲಿ ಕಟ್ಟಿದ ಗ್ರೀನ್ ಹಾಲ್‌ನಲ್ಲಿ ಇವತ್ತಿಗೂ ಕುಣಿತ ನಡೆಯುತ್ತೆ. 1930ರ ದಶಕದಲ್ಲಿ ಬಾಬ್ ವಿಲ್ಸ್ ಮತ್ತು ಅವರ ಬ್ಯಾಂಡ್ ಪಿಟೀಲಿನ ಹಳ್ಳಿ ಹಾಡಿಗೆ ಜಾಜ್ ಬೆರೆಸಿದರು, ಅದನ್ನು ವೆಸ್ಟರ್ನ್ ಸ್ವಿಂಗ್ ಅಂತಾರೆ. ಆಸ್ಟಿನ್‌ನ ಬ್ರೋಕನ್ ಸ್ಪೋಕ್ ತೆರೆದದ್ದು 1964ರಲ್ಲಿ. 1980ರಲ್ಲಿ ಜಾನ್ ಟ್ರವೋಲ್ಟಾ ನಟಿಸಿದ 'ಅರ್ಬನ್ ಕೌಬಾಯ್' ಸಿನಿಮಾ ಬಂತು, ಹ್ಯೂಸ್ಟನ್ ಪಕ್ಕದ ಪಾಸಡೀನಾದ ಗಿಲೀಸ್ ಎಂಬ ಕ್ಲಬ್ಬಿನ ಕಥೆ. ಅದರಿಂದ ಹಸುವಿನ ಮುಖವನ್ನೇ ನೋಡದ ಪೇಟೆ ಜನರೂ ಬೂಟು, ಟೋಪಿ ಹಾಕಿಕೊಂಡು ಕುಣಿಯೋಕೆ ಶುರು ಮಾಡಿದರು. ಇತಿಹಾಸ ಇಷ್ಟು ಸಾಕು, ಪರೀಕ್ಷೆಗೆ ಬರಲ್ಲ.

ಈಗ ಕಾಲಿಗೆ ಬರೋಣ. ಟೂ-ಸ್ಟೆಪ್ ಅಂತ ಹೆಸರಿದ್ದರೂ ಇಡೋ ಹೆಜ್ಜೆ ನಾಲ್ಕು. ಎರಡು ಬೇಗದ್ದು, ಎರಡು ನಿಧಾನದ್ದು. ಅಲ್ಲಿನ ಟೀಚರ್‌ಗಳು ಕ್ವಿಕ್, ಕ್ವಿಕ್, ಸ್ಲೋ, ಸ್ಲೋ ಅಂತ ಎಣಿಸ್ತಾರೆ. ಕ್ವಿಕ್ ಅಂದ್ರೆ ಒಂದು ಬೀಟ್, ಸ್ಲೋ ಅಂದ್ರೆ ಎರಡು ಬೀಟ್. ಒಟ್ಟು ಆರು. ಕೇಳೋಕೆ ಸುಲಭ. ನಾವು ಮೊದಲ ವಾರ ಪೂರ್ತಿ ಇದರಲ್ಲೇ ಸತ್ತೆವು. ನಾಲ್ಕೂ ಹೆಜ್ಜೆ ಒಂದೇ ವೇಗದಲ್ಲಿ ಇಟ್ಟು ಎನ್‌ಸಿಸಿ ಪರೇಡ್ ಥರ ಮಾಡಿದೆವು.

ಬಿಡಿಸಿದ್ದು ಎಸ್‌ಎಸ್‌ಎಲ್‌ಸಿ ಕನ್ನಡ. ನಮ್ಮಲ್ಲೊಬ್ಬ ಮೆಸ್‌ನಲ್ಲಿ ಕೂತು ತಟ್ಟೆ ಮೇಲೆ ಬೆರಳು ಬಡೀತಾ ಇದ್ದವನು ತಟ್ಟನೆ "ಲೇ, ಇದು ಲಘು ಲಘು ಗುರು ಗುರು ಕಣ್ರೋ!" ಅಂದ. ನೆನಪಿದೆಯಾ? ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ. ಷಟ್ಪದಿಗೆ ಪ್ರಸ್ತಾರ ಹಾಕಿ ನಾಲ್ಕು ಮಾರ್ಕ್ಸ್ ತಗೊಂಡು ಆಮೇಲೆ ಜೀವನದಲ್ಲಿ ಬೇಕಾಗಲ್ಲ ಅಂದುಕೊಂಡಿದ್ದೆವಲ್ಲ, ಅದೇ. ಹಾಗಾದ್ರೆ ಲಘು ಲಘು ಗುರು ಗುರು ಇರೋ ಒಂದು ಕನ್ನಡ ಪದ ಸಿಕ್ಕಿದ್ರೆ ಎಣಿಸೋದೇ ಬೇಡ, ಪದ ಹೇಳ್ತಾ ನಡೆದರೆ ಆಯ್ತು. ಹತ್ತು ನಿಮಿಷ ಹುಡುಕಿದೆವು. ಸಿಕ್ಕಿತು: ಕುಣಿದಾಡೋ.

ಕು, ಣಿ, ದಾ, ಡೋ. ಎರಡು ಚಿಕ್ಕ ಹೆಜ್ಜೆ, ಎರಡು ಉದ್ದ ಹೆಜ್ಜೆ. ಜೋರಾಗಿ ಹೇಳಿ ನೋಡಿ, ದಾ ಮತ್ತು ಡೋ ಎಳೆದಾಗ ಕಾಲು ತಾನಾಗಿಯೇ ಕಾಯುತ್ತೆ. ಕುಣಿದಾಡೋ ಅನ್ನೋಕೆ ನಾಚಿಕೆ ಆದವರು 'ಮನೆಗೇ ಬಾ' ಅನ್ನಬಹುದು, ಅದೂ ಸರಿ ಹೊಂದುತ್ತೆ. 'ಕುಣಿದಾಡು' ಅಂತ ಮಾತ್ರ ಹೇಳಬೇಡಿ, ಐದೇ ಮಾತ್ರೆ ಆಗಿ ಮುಂದಿನ ಹೆಜ್ಜೆ ಬೇಗ ಬಿದ್ದುಬಿಡುತ್ತೆ. ಪಾದದ ಕೊನೆಯ ಲಘುವನ್ನು ಗುರು ಅಂತ ತಗೋಬಹುದು ಅಂತ ಕನ್ನಡ ಮೇಡಂ ಹೇಳಿದ್ದರು ಅಂತ ವಾದ ಮಾಡೋರಿಗೆ: ಅದು ಪದ್ಯದ ಪಾದ, ಇದು ನಿಮ್ಮ ಪಾದ.

ಹೆಜ್ಜೆ ಹೀಗೆ. ಇಬ್ಬರಲ್ಲಿ ಒಬ್ಬರು ಲೀಡ್, ಇನ್ನೊಬ್ಬರು ಫಾಲೋ. ಲೀಡ್ ಮಾಡುವವರು ಮುಂದಕ್ಕೆ ನಡೀತಾರೆ: ಎಡ, ಬಲ, ಎಡ, ಬಲ. ಫಾಲೋ ಮಾಡುವವರು ಹಿಂದಕ್ಕೆ ನಡೀತಾರೆ: ಬಲ, ಎಡ, ಬಲ, ಎಡ. ಸ್ಲೋ ಹೆಜ್ಜೆಯಲ್ಲಿ ಮೊದಲ ಬೀಟ್‌ಗೆ ಕಾಲಿಟ್ಟು ಇಡೀ ಭಾರ ಅದರ ಮೇಲೆ ಹಾಕಬೇಕು, ಎರಡನೇ ಬೀಟ್‌ಗೆ ಇನ್ನೊಂದು ಕಾಲು ಸುಮ್ಮನೆ ಪಕ್ಕಕ್ಕೆ ಬರಬೇಕು, ನೆಲ ತುಳಿಯಬಾರದು. ನಾವು ಮಾಡಿದ ದೊಡ್ಡ ತಪ್ಪು ಇದೇ. ಎರಡನೇ ಬೀಟ್‌ಗೂ ಕಾಲು ತುಳಿದು, ಯಾವ ಕಾಲಿನ ಮೇಲೆ ಭಾರ ಇದೆ ಅಂತ ನಮಗೇ ಗೊತ್ತಾಗದೆ ಪಾರ್ಟ್ನರ್ ಕಾಲು ತುಳಿದದ್ದು. ನಾಲ್ಕು ಹೆಜ್ಜೆ ಇರೋದರಿಂದ ಪ್ರತಿ ಸಲ ಅದೇ ಕಾಲಿನಿಂದ ಶುರುವಾಗುತ್ತೆ. ಲೀಡ್‌ಗೆ 'ಕು' ಯಾವಾಗಲೂ ಎಡಗಾಲು. ಇದೊಂದನ್ನು ಹಿಡಿದುಕೊಂಡರೆ ತಪ್ಪಿದಾಗ ವಾಪಸ್ ಸೇರಿಕೊಳ್ಳಬಹುದು. ಕೆಲವು ಕಡೆ ಸ್ಲೋ ಸ್ಲೋ ಮೊದಲು, ಕ್ವಿಕ್ ಕ್ವಿಕ್ ಆಮೇಲೆ ಕಲಿಸ್ತಾರೆ. ಚಕ್ರ ಅದೇ, ಹತ್ತೋ ಸ್ಟಾಪ್ ಬೇರೆ.

ಹಾಡಿಗೆ ಸೇರಿಸೋವಾಗ ಇನ್ನೊಂದು ತಲೆನೋವು ಇದೆ, ಎಂಜಿನಿಯರಿಂಗ್ ಓದೋರಿಗೆ ಇದು ಇಷ್ಟ ಆಗಬಹುದು. ಹಾಡು ನಾಲ್ಕು ನಾಲ್ಕು ಬೀಟ್‌ಗಳ ಲೆಕ್ಕದಲ್ಲಿ ಹೋಗುತ್ತೆ, ನಮ್ಮ ಹೆಜ್ಜೆ ಆರು ಬೀಟ್‌ನದ್ದು. ಎರಡೂ ಒಟ್ಟಿಗೆ ಶುರುವಾದರೆ ಮತ್ತೆ ಒಟ್ಟಿಗೆ ಸೇರೋದು ಎಲ್‌ಸಿಎಂ ಆದ 12 ಬೀಟ್ ಆದ ಮೇಲೆ. ಅಂದ್ರೆ ಎರಡನೇ 'ಕುಣಿದಾಡೋ' ಬರೋವಾಗ ಹಾಡು ತನ್ನ ನಾಲ್ಕರ ಮಧ್ಯದಲ್ಲಿ, ಮೂರನೇ ಬೀಟ್‌ನಲ್ಲಿರುತ್ತೆ. ತಪ್ಪಾಯ್ತೇನೋ ಅಂತ ಹೊಸಬರು ಇಲ್ಲೇ ನಿಂತುಬಿಡ್ತಾರೆ. ತಪ್ಪಲ್ಲ. ಬೇಸ್ ಗಿಟಾರ್ 'ಧೊಂ' ಅನ್ನೋದು ಒಂದು ಮತ್ತು ಮೂರನೇ ಬೀಟ್‌ಗೆ, ನಿಮ್ಮ 'ಕು' ಯಾವಾಗಲೂ ಯಾವುದಾದರೊಂದು 'ಧೊಂ' ಮೇಲೆಯೇ ಬೀಳುತ್ತೆ. ಮೃದಂಗ ಕಲಿತ ನಮ್ಮ ಗೆಳೆಯನಿಗೆ ಇದು ಐದು ನಿಮಿಷದಲ್ಲಿ ಬಂತು. ಉಳಿದ ಐವರಿಗೆ ಮೂರು ವಾರ ಬೇಕಾಯ್ತು.

ವೇಗ ನಿಮಿಷಕ್ಕೆ ಸುಮಾರು 160ರಿಂದ 200 ಬೀಟ್ ಇರುತ್ತೆ. 180 ಅಂತ ಇಟ್ಟುಕೊಂಡರೆ ಒಂದು 'ಕುಣಿದಾಡೋ'ಗೆ ಎರಡು ಸೆಕೆಂಡ್. ಮೊದಲು ಹಾಡೇ ಬೇಡ, ಬಾಯಲ್ಲಿ ಹೇಳ್ತಾ ಕಾರಿಡಾರ್‌ನಲ್ಲಿ ನಡೀರಿ. ಆಮೇಲೆ ಫೋನಿನಲ್ಲಿ ಹಾಡಿನ ವೇಗ ಸ್ವಲ್ಪ ಇಳಿಸಿಕೊಂಡು ಕುಣೀರಿ. ಟೆಕ್ಸಸ್‌ನವರೇ ಆದ ಜಾರ್ಜ್ ಸ್ಟ್ರೇಟ್ ಹಾಡುಗಳು ನಮಗೆ ಒಗ್ಗಿದವು, ಡ್ರಮ್ ಸ್ಪಷ್ಟವಾಗಿ ಕೇಳುತ್ತೆ.

ಕೈ ಹಿಡಿಯೋ ರೀತಿಗೆ ಫ್ರೇಮ್ ಅಂತ ಹೆಸರು. ಲೀಡ್‌ನ ಬಲಗೈ ಫಾಲೋನ ಎಡ ಭುಜದ ಹಿಂದಿನ ಎಲುಬಿನ ಮೇಲೆ, ಫಾಲೋನ ಎಡಗೈ ಲೀಡ್‌ನ ಬಲ ತೋಳಿನ ಮೇಲೆ, ಇನ್ನೆರಡು ಕೈ ಪಕ್ಕದಲ್ಲಿ ಸೇರಿರುತ್ತೆ. ಸೊಂಟ ಅಲ್ಲ, ಬೆನ್ನು. ಇದನ್ನು ಅಕ್ಕ ಮೂರು ಸಲ ಹೇಳಿದರು, ನಾವೂ ಮೂರು ಸಲ ಬರೆಯಬೇಕಿತ್ತು. ತೋಳು ಕಬ್ಬಿಣದ ಸರಳಿನ ಥರ ಬಿಗಿಯಾಗಿರಬಾರದು, ಒದ್ದೆ ಟವೆಲ್ ಥರ ಜೋತು ಬೀಳಲೂಬಾರದು. ಲೀಡ್ ಮುಂದಕ್ಕೆ ಬಂದರೆ ಆ ಒತ್ತಡ ತೋಳಿನ ಮೂಲಕ ಫಾಲೋಗೆ ಗೊತ್ತಾಗಬೇಕು, ಅಷ್ಟು. ತಳ್ಳೋದು, ಎಳೆಯೋದು ಲೀಡ್ ಅಲ್ಲ, ಬಸ್ ಹತ್ತೋದು.

ನಮ್ಮ ಹುಡುಗರ ಹಾಸ್ಟೆಲ್, ಹುಡುಗಿಯರ ಹಾಸ್ಟೆಲ್ ಬೇರೆ ಬೇರೆ. ಆದ್ದರಿಂದ ಮೊದಲ ತಿಂಗಳು ಹುಡುಗರು ಹುಡುಗರ ಜೊತೆ, ಹುಡುಗಿಯರು ಹುಡುಗಿಯರ ಜೊತೆ. ಬೇರೆ ದಾರಿ ಇರಲಿಲ್ಲ. ಆದರೆ ಅದರಿಂದ ಎಲ್ಲರಿಗೂ ಲೀಡೂ ಬಂತು, ಫಾಲೋನೂ ಬಂತು. ಹಿಂದಕ್ಕೆ ನಡೆಯೋದು ಎಷ್ಟು ಭಯ ಅಂತ ಹುಡುಗರಿಗೆ ಗೊತ್ತಾಗಿದ್ದು ಆಗಲೇ. ಹಿಂದೆ ಏನಿದೆ ಕಾಣಲ್ಲ, ಮುಂದಿರೋನು ನೋಡ್ಕೋತಾನೆ ಅಂತ ನಂಬಬೇಕು. ನಮ್ಮಲ್ಲೊಬ್ಬ ನೋಡ್ಕೊಳ್ಳಲಿಲ್ಲ, ಇನ್ನೊಬ್ಬನ ಬೆನ್ನು ವಾಟರ್ ಕೂಲರ್‌ಗೆ ಬಡಿಯಿತು. ಆಮೇಲಿಂದ ಅವನು ಲೀಡ್ ಮಾಡೋವಾಗ ಕಣ್ಣು ನೆಲದ ಮೇಲಿಲ್ಲ. ನೀವು ಯಾವುದನ್ನೇ ಕಲಿಯಬೇಕು ಅಂದುಕೊಂಡಿದ್ದರೂ ಮೊದಲು ಎರಡು ದಿನ ಇನ್ನೊಂದನ್ನು ಮಾಡಿ.

ಕಾಲಿಗೆ ಏನು ಹಾಕೋದು? ಅಲ್ಲಿ ಬೂಟಿಗೆ ಚರ್ಮದ ಅಟ್ಟೆ ಇರುತ್ತೆ, ಮರದ ನೆಲದ ಮೇಲೆ ಜಾರುತ್ತೆ. ನಮ್ಮ ಸ್ಪೋರ್ಟ್ಸ್ ಶೂನ ರಬ್ಬರ್ ಅಟ್ಟೆ ನೆಲವನ್ನು ಹಿಡಿದುಕೊಳ್ಳುತ್ತೆ. ಮೈ ತಿರುಗಿದರೂ ಪಾದ ತಿರುಗದೆ ಮಂಡಿ ಉಳುಕುತ್ತೆ. ಸಾಕ್ಸ್‌ನಲ್ಲಿ ಮೆಸ್‌ನ ಟೈಲ್ಸ್ ಮೇಲೆ ಪ್ರಯತ್ನಿಸಿದವನು ಬಿದ್ದ. ಚರ್ಮದ ಅಟ್ಟೆ ತಾನೇ ಬೇಕಿರೋದು ಅಂತ ಅಥಣಿ ಕಡೆಯ ಗೆಳೆಯನೊಬ್ಬ ಕೊಲ್ಹಾಪುರಿ ಚಪ್ಪಲಿ ಹಾಕಿಕೊಂಡು ಬಂದ. ಐಡಿಯಾ ಚೆನ್ನಾಗಿತ್ತು, ಆದರೆ ಹಿಂದಕ್ಕೆ ಹೆಜ್ಜೆ ಇಟ್ಟಾಗ ಚಪ್ಪಲಿ ಅಲ್ಲೇ ಉಳಿಯಿತು, ಅವನೊಬ್ಬನೇ ಹೋದ. ಹಳೇ ಫಾರ್ಮಲ್ ಶೂ ಇದ್ದರೆ ಅದೇ ಒಳ್ಳೇದು.

ಹಾಲ್‌ನಲ್ಲಿ ಎಲ್ಲ ಜೋಡಿಗಳೂ ಒಂದೇ ದಿಕ್ಕಿಗೆ ಸುತ್ತುತ್ತಾರೆ, ಗಡಿಯಾರದ ಮುಳ್ಳಿಗೆ ಎದುರಾಗಿ. ಅಂದ್ರೆ ದೇವಸ್ಥಾನದ ಪ್ರದಕ್ಷಿಣೆಗೆ ಉಲ್ಟಾ. ಲೀಡ್‌ಗೆ ಹಾಲ್‌ನ ನಡುಭಾಗ ಎಡಗಡೆ, ಗೋಡೆ ಬಲಗಡೆ ಇರಬೇಕು. ಜೋರಾಗಿ ಹೋಗೋರು ಹೊರಗಿನ ಲೇನ್, ನಿಧಾನದವರು ಒಳಗಿನ ಲೇನ್, ನಟ್ಟನಡುವೆ ಲೈನ್ ಡ್ಯಾನ್ಸ್ ಮಾಡೋರು. ಹೊಸಬರು ಒಳಗಿನ ಲೇನ್‌ನಲ್ಲಿರಿ. ಹೊರಗಿನ ಲೇನ್‌ನಲ್ಲಿ ನಿಂತು "ನಿನ್ನ ಕಾಲು ತಪ್ಪು" ಅಂತ ಜಗಳ ಆಡೋದು ರಿಂಗ್ ರೋಡ್ ನಡುವೆ ಗಾಡಿ ನಿಲ್ಲಿಸಿ ಮ್ಯಾಪ್ ನೋಡಿದ ಹಾಗೆ. ಹಾಡಿನ ನಡುವೆ ಪಾರ್ಟ್ನರ್‌ಗೆ ಪಾಠ ಮಾಡೋದೂ ಕೂಡದು, ಅವರು ಕೇಳದ ಹೊರತು.

ಪಾರ್ಟ್ನರ್ ಇಲ್ಲದಿದ್ದರೆ ಲೈನ್ ಡ್ಯಾನ್ಸ್. 1992ರಲ್ಲಿ ಬಿಲ್ಲಿ ರೇ ಸೈರಸ್ ಹಾಡಿದ 'ಏಕಿ ಬ್ರೇಕಿ ಹಾರ್ಟ್' ಬಂದಾಗ ಇದು ಎಲ್ಲೆಡೆ ಹಬ್ಬಿತು. ಸಾಲಾಗಿ ನಿಂತು ಎಲ್ಲರೂ ಒಂದೇ ಹೆಜ್ಜೆ ಹಾಕೋದು. ಮೊದಲು ಕಲಿಯೋದು ದ್ರಾಕ್ಷಿ ಬಳ್ಳಿ ಅನ್ನೋ ಹೆಸರಿನ ಗ್ರೇಪ್‌ವೈನ್: ಬಲಗಾಲು ಪಕ್ಕಕ್ಕೆ, ಎಡಗಾಲು ಅದರ ಹಿಂದಕ್ಕೆ, ಬಲಗಾಲು ಮತ್ತೆ ಪಕ್ಕಕ್ಕೆ, ಎಡಗಾಲು ಬಂದು ಸುಮ್ಮನೆ ತಾಗೋದು. ಅದನ್ನೇ ಎಡಕ್ಕೆ. ಆಮೇಲೆ ಮೂರು ಹೆಜ್ಜೆ ಹಿಂದಕ್ಕೆ, ಒಂದು ತಾಗು. ಎಡಗಾಲು ಮುಂದೆ, ಬಲ ತಾಗು. ಬಲಗಾಲು ಹಿಂದೆ, ಎಡ ತಾಗು. ಎಡಗಾಲು ಇಡ್ತಾ ಎಡಕ್ಕೆ ಕಾಲು ಸುತ್ತು ತಿರುಗಿ, ಬಲಗಾಲಿನ ಹಿಮ್ಮಡಿ ನೆಲಕ್ಕೆ ಉಜ್ಜಿ. ಇದು 18 ಎಣಿಕೆಯ ಎಲೆಕ್ಟ್ರಿಕ್ ಸ್ಲೈಡ್. ಪ್ರತಿ ಸಲ 90 ಡಿಗ್ರಿ ತಿರುಗೋದರಿಂದ ನಾಲ್ಕನೇ ಸಲಕ್ಕೆ ಮೊದಲಿನ ಗೋಡೆಗೇ ಮುಖ. ಎರಡು ಸಲ ತಿರುಗಿದಾಗ ಎಲ್ಲರೂ ಸೇಫ್ ಆಗಿ ನೋಡಿಕೊಂಡು ಕುಣೀತಿದ್ದ ಮುಂದಿನ ಸಾಲು ಹಿಂದಿನ ಸಾಲಾಗುತ್ತೆ, ಏನೂ ಬಾರದ ನೀವು ಮುಂದಿರ್ತೀರಿ. ಅದಕ್ಕೇ ನಡುವೆ ನಿಲ್ಲಿ. ವಾಲ್ಟ್ಜ್‌ಗೆ ಮೂರು ಬೀಟ್, 'ನಡಿಗೆ' ಅಂತ ಹೇಳ್ತಾ ನಡೆದರೆ ಆಯ್ತು, ಮೂರೂ ಲಘು. ಒಂದು ಸಲ ಎಡಗಾಲಿನಿಂದ, ಮುಂದಿನ ಸಲ ಬಲಗಾಲಿನಿಂದ. ಅದು ಇನ್ನೊಂದು ಸಂಚಿಕೆಗೆ.

ಇನ್ನು ಕರೆಯೋದು. ಇದಕ್ಕಿಂತ ಹೆಜ್ಜೆ ಎಷ್ಟೋ ಸುಲಭ.

ಎರಡನೇ ತಿಂಗಳು ಶನಿವಾರಗಳಲ್ಲಿ ಬ್ಯಾಸ್ಕೆಟ್‌ಬಾಲ್ ಕೋರ್ಟ್‌ನಲ್ಲಿ ಆರೂ ಜನ ಸೇರೋಕೆ ಶುರು ಮಾಡಿದೆವು. ಮೊದಲ ಶನಿವಾರ ನಮ್ಮ ಹುಡುಗನೊಬ್ಬ ಒಬ್ಬಳನ್ನು ಕರೆದ. "ಈಗ ಬೇಡ" ಅಂದಳು. ಅವನು "ಯಾಕೆ?" ಅಂದ. ಅವಳು ಸುಮ್ಮನಾದಳು. ಮುಂದಿನ ಹಾಡಿಗೆ ಮತ್ತೆ ಹೋಗಿ ಕೇಳಿದ. ಉಳಿದವರು ನಕ್ಕೆವು, "ಹೋಗ್ಲಿ, ಒಂದು ಹಾಡು ತಾನೇ, ಆಡೇ" ಅಂತ ಹೇಳಿದವರೂ ನಾವೇ. ಅವಳು ಬ್ಯಾಗ್ ತಗೊಂಡು ಹೋದಳು. ಮುಂದಿನ ಶನಿವಾರ ಮೂವರು ಹುಡುಗಿಯರೂ ಬರಲಿಲ್ಲ. ಹುಡುಗರ ವಾಟ್ಸಾಪ್ ಗ್ರೂಪಲ್ಲಿ "ಇಷ್ಟಕ್ಕೆಲ್ಲ ಏನು ದೊಡ್ಡ ವಿಷಯ" ಅಂತ ಎರಡು ದಿನ ಮೆಸೇಜ್ ಓಡಿತು. ಕ್ಲಾಸ್‌ನಲ್ಲಿ ಯಾರೂ ಯಾರ ಮುಖ ನೋಡಲಿಲ್ಲ. ಎರಡು ವರ್ಷದಿಂದ ಒಂದೇ ಲ್ಯಾಬ್ ಬ್ಯಾಚ್ ನಾವು.

ಅಕ್ಕನಿಗೆ ಗೊತ್ತಾಯ್ತು. ಹುಡುಗರನ್ನು ಬೇರೆ ಕಾಲ್‌ಗೆ ಕರೆದರು. ಬೈಯಲಿಲ್ಲ, ಬೈದಿದ್ದರೆ ವಾಸಿ ಇತ್ತು. "ನೋಡ್ರೋ, ಆ ಅಜ್ಜನ ಜೊತೆ ನಾನು ಯಾಕೆ ಕುಣಿದೆ ಗೊತ್ತಾ? ಅವರು ನನಗಿಂತ ಮೊದಲು ಪಕ್ಕದಲ್ಲಿದ್ದ ಒಬ್ಬರನ್ನ ಕೇಳಿದ್ರು. ಆಕೆ ಬೇಡ ಅಂದ್ರು. ಅಜ್ಜ ಟೋಪಿ ಮುಟ್ಟಿ 'ಸರಿ' ಅಂತ ನಕ್ಕು ಮುಂದೆ ಬಂದ್ರು. ಅದನ್ನ ನೋಡಿದ್ದಕ್ಕೇ ನಾನು ಹೂಂ ಅಂದಿದ್ದು. ಬೇಡ ಅಂದ್ರೂ ಏನೂ ಆಗಲ್ಲ ಅಂತ ಗೊತ್ತಾಯ್ತಲ್ಲ." ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನೆಟ್‌ವರ್ಕ್ ಹೋಯ್ತೇನೋ ಅಂತ ಅಕ್ಕ "ಹಲೋ, ಹಲೋ" ಅಂದರು.

ಅವನು ಹೋಗಿ ಸಾರಿ ಕೇಳಿದ. ನಕ್ಕ ನಾವೂ ಕೇಳಿದೆವು. ಈ ಪ್ಯಾರಾವನ್ನು ಸೇರಿಸಲೇಬೇಕು ಅಂತ ಹೇಳಿದ್ದೂ ಅವನೇ, ಬರೆಯಬಹುದು ಅಂತ ಒಪ್ಪಿದ್ದು ಅವಳು. ಅವಳು ಆವತ್ತು ಯಾಕೆ ಬೇಡ ಅಂದಳು ಅಂತ ಇವತ್ತಿಗೂ ನಮಗೆ ಗೊತ್ತಿಲ್ಲ, ಕೇಳಿಲ್ಲ.

ಈಗ ನಮ್ಮಲ್ಲಿ ಹೀಗಿದೆ. ಎದುರಿಗೆ ಹೋಗಿ, ಕೈ ಮುಂದೆ ಚಾಚೋ ಮೊದಲು ಬಾಯಲ್ಲಿ ಕೇಳೋದು: "ಈ ಹಾಡು ಆಡೋಣ್ವಾ?" ಹುಡುಗರೇ ಕೇಳಬೇಕು ಅಂತಿಲ್ಲ, ಯಾರು ಯಾರನ್ನಾದರೂ ಕೇಳಬಹುದು. ಬೇಡ ಅಂದರೆ "ಸರಿ" ಅಂದು ಬೇರೆಯವರನ್ನು ಕೇಳೋದು. ಕಾರಣ ಕೇಳೋ ಹಾಗಿಲ್ಲ, ಪಕ್ಕದವರು ಒತ್ತಾಯ ಮಾಡೋ ಹಾಗಿಲ್ಲ. ಆ ಸಂಜೆ ಅವರನ್ನೇ ಮತ್ತೆ ಕೇಳೋದು ಬೇಡ, ಬೇಕಾದರೆ ಅವರೇ ಬಂದು ಕರೀತಾರೆ. ಒಪ್ಪಿದವರ ಜೊತೆ ಒಂದೇ ಹಾಡು. ಮುಗಿದ ಮೇಲೆ ಥ್ಯಾಂಕ್ಸ್ ಹೇಳಿ ಕರೆದುಕೊಂಡು ಬಂದ ಜಾಗಕ್ಕೆ ಬಿಟ್ಟು ಬರೋದು. ನಡುವೆ ಯಾರಿಗಾದರೂ ಇರಿಸುಮುರಿಸಾದರೆ ಹಾಡು ಮುಗಿಯೋವರೆಗೆ ಕಾಯಬೇಕಿಲ್ಲ.

ಮೂರನೇ ಶನಿವಾರ ಹುಡುಗಿಯರು ಬಂದರು. ಅರ್ಧ ಗಂಟೆ ಎಲ್ಲರೂ ಎಲೆಕ್ಟ್ರಿಕ್ ಸ್ಲೈಡೇ ಮಾಡಿದೆವು, ಕೈ ಹಿಡಿಯೋ ಪ್ರಶ್ನೆಯೇ ಬರಲ್ಲ ಅಂತ. ಆಮೇಲೆ ಅವಳೇ ಹೋಗಿ ಅವನ ಮುಂದೆ ನಿಂತು "ಲೀಡ್ ನಾನು, ಹಿಂದಕ್ಕೆ ನೀನು ನಡಿ" ಅಂದಳು. ಇಡೀ ಹಾಡು ಅವನು ಹಿಂದಕ್ಕೆ ನಡೆದ. ಕಂಬಕ್ಕೆ ಬಡಿಸಲಿಲ್ಲ.

ಕಲಿಯೋ ಆಸೆ ಇರೋರು ಶನಿವಾರ ಸಂಜೆ 4ಕ್ಕೆ ಬ್ಯಾಸ್ಕೆಟ್‌ಬಾಲ್ ಕೋರ್ಟ್‌ಗೆ ಬನ್ನಿ. ಒಬ್ಬರೇ ಬಂದರೂ ಪರವಾಗಿಲ್ಲ. ಫಾರ್ಮಲ್ ಶೂ ಇದ್ದರೆ ತನ್ನಿ. ಅಲ್ಲಿಯವರೆಗೆ ಹಾಸ್ಟೆಲ್ ಕಾರಿಡಾರ್‌ನಲ್ಲಿ ಕುಣಿದಾಡೋ, ಕುಣಿದಾಡೋ ಅಂತ ಹೇಳ್ತಾ ಎಡಗಾಲಿನಿಂದ ಶುರು ಮಾಡಿ. ವಾಟರ್ ಕೂಲರ್ ನೋಡ್ಕೊಳ್ಳಿ.